ಕೌದಿ ಹೊದ್ದ ಚಾವಡಿ

ಮೊದಲು ಕೇಳಿಸಿದ್ದು ಒಂದು ಕೆಮ್ಮು. ದೊಡ್ಡದಲ್ಲ, ಯಾರೋ ಬಾಯಿಗೆ ಟವೆಲು ಅಡ್ಡ ಹಿಡಿದು, ಮಲಗಿದವರಿಗೆ ತಿಳಿಯದಿರಲಿ ಎಂದು ಕೆಮ್ಮಿದ ಹಾಗೆ. ಊರು ಮಲಗಿ ಬಹಳ ಹೊತ್ತಾಗಿತ್ತು. ಮಗಳ ಹಣೆ ಮುಟ್ಟಿ ನೋಡಲು ನಾನು ಎದ್ದಿದ್ದೆ. ನೀಲಾಂಬಿಕೆಯ ಕಾಮಾಲೆ ಇಳಿದು ಅವಳು ಮತ್ತೆ ಶಾಲೆಗೆ ಹೋಗತೊಡಗಿದ್ದರೂ, ರಾತ್ರಿ ಎದ್ದು ಅವಳ ಹಣೆ ಮುಟ್ಟುವ, ರೆಪ್ಪೆ ಎತ್ತಿ ಕಣ್ಣಿನ ಬಿಳುಪು ನೋಡುವ ಚಾಳಿ ನನ್ನನ್ನು ಬಿಟ್ಟಿರಲಿಲ್ಲ. ಕೆಮ್ಮು ಬಂದದ್ದು ಪುರಸಭೆ ಕೂಡುವ ಎದುರಿನ ಚಾವಡಿಯಿಂದ. ಚಾವಡಿಗೆ ಹೊರಗಿನಿಂದ ಬೀಗ ಬಿದ್ದಿತ್ತು, ಒಳಗೆ ದೀಪವಿರಲಿಲ್ಲ. ಕಿಟಕಿಯ ಸರಳು ಹಿಡಿದು ಕಾದೆ. ಮತ್ತೊಂದು ಕೆಮ್ಮು, ಅದರ ಬೆನ್ನಿಗೆ ಯಾವುದೋ ಮಾತಿನ ಬಾಲ: "...ಬಾವಿ." ಆಮೇಲೆ ಏನೂ ಇಲ್ಲ.

ಕೆಮ್ಮು ಯಾರದೆಂಬ ಬಗ್ಗೆ ನನಗೆ ಅನುಮಾನವಿರಲಿಲ್ಲ. ನಶ್ಯ ಏರಿಸಿದ ಮೇಲೆ ಗುರುಪಾದಪ್ಪನವರು ಕೆಮ್ಮುವ ರೀತಿ ಊರಿನ ಮಕ್ಕಳಿಗೂ ಗೊತ್ತು. ಅದನ್ನು ಅಣಕಿಸುವ ಹುಡುಗಿಯರು ನಾನು ಕಲಿಸುವ ತರಗತಿಯಲ್ಲೇ ಇದ್ದಾರೆ. ಗುರುಪಾದಪ್ಪನವರು ಆಗ ನಮ್ಮ ಪುರಸಭೆಯ ಅಧ್ಯಕ್ಷರು. ಆದರೆ ಅವರ ಕೆಮ್ಮು ಆ ಹೊತ್ತಿನಲ್ಲಿ ಬರಬಾರದಿತ್ತು. ಚಾವಡಿಯ ಗೋಡೆಗಳಿಗೆ ಕೌದಿ ಹೊದಿಸಿದ ಮೇಲಂತೂ ಬರಲೇಬಾರದಿತ್ತು.

ನಮ್ಮೂರ ಚಾವಡಿಯಲ್ಲಿ ಹಗಲು ಆಡಿದ ಮಾತು ದೀಪ ಹಚ್ಚುವ ಹೊತ್ತಿಗೆ ಮರಳಿ ಬರುತ್ತದೆ. ಆಡಿದ್ದು ಆಡಿದ ಹಾಗೆಯೇ, ಅದೇ ದನಿಯಲ್ಲಿ; ಕುರ್ಚಿ ಎಳೆದ ಸದ್ದು, ಆಕಳಿಕೆ, ಚಹಾದ ಬಟ್ಟಲು ಇಟ್ಟ ಸದ್ದು ಎಲ್ಲವೂ ಸೇರಿ. ನಾವು ಅದಕ್ಕೆ ಮರುದನಿ ಅನ್ನುತ್ತೇವೆ. ನಾನು ಬೇರೆ ಊರಿನಿಂದ ಸೊಸೆಯಾಗಿ ಬಂದವಳು. ಮೊದಲ ಸಂಜೆ ಖಾಲಿ ಕಟ್ಟಡದೊಳಗಿಂದ ಗಂಡಸರು ಗುಂಪಾಗಿ ಚರಂಡಿಯ ಬಗ್ಗೆ ಜಗಳವಾಡುವುದನ್ನು ಕೇಳಿ ಅತ್ತೆಯ ಸೆರಗು ಹಿಡಿದಿದ್ದೆ. "ಅಂಜಬ್ಯಾಡ, ಪುರಸಭಿ ಅದು," ಅಂದಿದ್ದರು ಅತ್ತೆ, ದೀಪದ ಬತ್ತಿ ಹೊಸೆಯುತ್ತ.

ಊರು ಇದಕ್ಕೆ ತಕ್ಕಂತೆ ಬಾಳುವುದನ್ನು ಕಲಿತಿತ್ತು. ಸಂಜೆಗೆ ಕಸ ಗುಡಿಸಿ, ದೀಪ ಹಚ್ಚಿ, ಹೆಂಗಸರು ಮೊರದಲ್ಲಿ ಅವರೆಕಾಯಿಯನ್ನೋ ಅಕ್ಕಿಯನ್ನೋ ಹಿಡಿದು ಚಾವಡಿಯ ಮೆಟ್ಟಿಲಿಗೆ ಬರುತ್ತಿದ್ದರು. ಗಂಡಸರು ಎಲೆ ಅಡಿಕೆ ಹಿಡಿದು ಬರುತ್ತಿದ್ದರು. ಮೇಲಿನ ಓಣಿಯವರು ಮೇಲಿನ ಮೆಟ್ಟಿಲುಗಳ ಮೇಲೆ, ನಡುವಿನ ಓಣಿಯ ನಾವು ಅವರ ಕೆಳಗೆ, ಕೆಳಗಿನ ಕೇರಿಯವರು ಅಂಗಳದ ಬೇವಿನ ಮರದ ಬುಡದಲ್ಲಿ. ಮರುದನಿ ಮಾತ್ರ ಎಲ್ಲರಿಗೂ ಒಂದೇ ಜೋರಿನಲ್ಲಿ ಕೇಳಿಸುತ್ತಿತ್ತು. ಹೊಸದಾಗಿ ಆಯ್ಕೆಯಾದ ಸದಸ್ಯರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದು, ತಾವು ಮಾತಾಡಿದ ಭಾಗ ಬಂದಾಗ ಅವಳನ್ನು ಮೊಳಕೈಯಿಂದ ತಿವಿಯುತ್ತಿದ್ದರು. ಸಭೆಯಲ್ಲಿ ನಿದ್ದೆ ಹೋದವರ ಗೊರಕೆ ಕೇಳಿ ಊರು ನಗುತ್ತಿತ್ತು. ಇದೆಲ್ಲ ಇದ್ದದ್ದರಿಂದ ಸಭೆಯ ನಡಾವಳಿ ಬರೆದಿಡುವ ರೂಢಿ ನಮ್ಮಲ್ಲಿ ಹುಟ್ಟಲೇ ಇಲ್ಲ. ಊರೆಲ್ಲ ಕಿವಿಯಾರೆ ಕೇಳಿದ್ದನ್ನು ಮತ್ತೆ ಯಾರು ಯಾಕೆ ಬರೆಯಬೇಕು?

ಆ ಬೇಸಿಗೆಯಲ್ಲಿ ಕಾಮಾಲೆ ಬಂತು. ಶಾಲೆಯ ಹಂಡೆಗೆ ಊರಿನ ಮೂರೂ ಬಾವಿಗಳ ನೀರು ಬೀಳುತ್ತಿದ್ದರಿಂದ ಯಾವ ಓಣಿಯ ಮಕ್ಕಳನ್ನೂ ಅದು ಬಿಡಲಿಲ್ಲ. ನನ್ನ ನೀಲಾ ಅರಿಸಿನ ಬಳಿದಂತಾಗಿ ಹಾಸಿಗೆ ಹಿಡಿದಳು. ಗಂಡ ತೀರಿಹೋದ ಮೇಲೆ ಮನೆಯಲ್ಲಿ ನಾನು, ಅತ್ತೆ, ಅವಳು, ಮೂವರೇ. ಆ ಹಾಸಿಗೆಯ ಪಕ್ಕ ಕೂತು ನಾನು ಏನೇನು ಯೋಚಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನೀಲಾ ಎದ್ದಳು. ಮೇಲಿನ ಓಣಿಯ ಒಂದು ಕೂಸು ಏಳಲಿಲ್ಲ.

ನೀರು ಪರೀಕ್ಷೆ ಮಾಡುವವನೊಬ್ಬ ಬಂದು ಮೂರು ಬಾವಿಗಳಿಂದಲೂ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದ. ಮೇಲಿನ ಓಣಿಯ ಬಾವಿ, ನಾವೆಲ್ಲ ಸೇದುವ ಚಾವಡಿ ಹಿಂದಿನ ಬಾವಿ, ಕೆಳಗಿನ ಕೇರಿಯ ಬಾವಿ. ಅವನು ತಿರುಗಿ ಬರುವ ಮುನ್ನವೇ ಪುರಸಭೆಗೆ ಒಂದು ಹೊಸ ಚಿಂತೆ ಹತ್ತಿತು: ಚಾವಡಿಯ ಗೋಡೆಗೆ ಶೀತ ಹಿಡಿದಿದೆಯಂತೆ. ಕೆಳಗಿನ ಕೇರಿಯ ದುರಗವ್ವ ಮತ್ತು ಅವರ ಜೊತೆಯ ಹೆಂಗಸರಿಗೆ ಕೌದಿ ಹೊಲಿಯಲು ಹೇಳಿದರು. ಹಳೆಯ ಸೀರೆ ಪದರ ಪದರವಾಗಿ ಇಟ್ಟು, ಹಾಸಿಗೆಗಿಂತ ದಪ್ಪ. "ಗ್ವಾಡಿಗೆ ಥಂಡಿ ಅಂತ್ರಿ ಅಕ್ಕೋರ. ನಾಳಿ ಕಂಬಕ್ಕ ಕುಲಾವಿ ಹೊಲಿ ಅಂತಾರೇನೋ," ಎಂದು ದುರಗವ್ವ ಶಾಲೆಯ ಬಾಗಿಲಲ್ಲಿ ಮೊಮ್ಮಗಳನ್ನು ಬಿಡುವಾಗ ಹೇಳಿ ನಕ್ಕಿದ್ದರು. ಗೋಡೆಗಳು ಮುಚ್ಚಿದ ಮಾರನೆಯ ದಿನ ಪರೀಕ್ಷೆಯವನು ಬಂದ, ಒಳಗೆ ಹೋದ, ಹೊರಗೆ ಬಂದು ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದ. ಆ ಸಂಜೆ ನಾವೆಲ್ಲ ಮೆಟ್ಟಿಲ ಮೇಲೆ ಕೂತೇ ಇದ್ದೆವು. ಅವರೆಕಾಯಿ ಬಿಡಿಸಿ ಮುಗಿಯಿತು. ಚಾವಡಿ ತುಟಿ ಬಿಚ್ಚಲಿಲ್ಲ.

ಮೊದಲು ನಾನು ಪುರಸಭೆಯ ಗುಮಾಸ್ತರ ಹತ್ತಿರ ಹೋದೆ. ಬಾಯಿಮಾತಿನಲ್ಲಿ ಏನನ್ನೂ ತಿಳಿಸುವ ಹಾಗಿಲ್ಲ, ಬರೆದದ್ದಿದ್ದರೆ ಮಾತ್ರ ಕೊಡಬಹುದು ಅಂದರು. ಬರೆದದ್ದು ಕೊಡಿ ಅಂದೆ. ಬರೆದದ್ದು ಇಲ್ಲ ಅಂದರು. ಅವರಿಗೇ ನಗು ಬಂತು, ಆದರೂ ಕಿಟಕಿ ಮುಚ್ಚಿದರು.

ಆಮೇಲೆ ಗುರುಪಾದಪ್ಪನವರ ಮನೆಗೆ ಹೋದೆ. ಅವರು ಕೆಟ್ಟವರಲ್ಲ. ನನ್ನ ಗಂಡ ತೀರಿಕೊಂಡಾಗ ಶಾಲೆಯ ಕೆಲಸ ಕೊಡಿಸಿದವರು ಅವರೇ. ಕುರ್ಚಿ ಕೊಟ್ಟು, ಮಜ್ಜಿಗೆ ತರಿಸಿ, "ಅಕ್ಕೋರ, ಯಾವ ಬಾವಿ ನೀರಿದ್ರೂ ಕುದಿಸಿ ಕುಡೀರಿ. ಮುಗೀತಲ್ಲ," ಅಂದರು.

"ಕುದಿಸಾಕತ್ತೀನ್ರಿ. ಕಟ್ಟಿಗಿ ಇಲ್ದೋರು ಏನು ಕುದಿಸಬೇಕು? ಯಾವ ಬಾವಿ ಕೆಟ್ಟೈತಿ ಅಂತ ಕೇಳಾಕ ಬಂದೀನಿ."

"ಅದನ್ನ ಹೇಳಿದ್ರ ಊರಾಗ ಗದ್ದಲ ಆಗ್ತೈತಿ."

"ಹೇಳದಿದ್ರ?"

ಅವರು ನಶ್ಯದ ಡಬ್ಬಿ ತೆಗೆದರು. "ಮಳಿ ಬರಲಿ. ಎಲ್ಲಾ ತೊಳಕೊಂಡು ಹೋಗ್ತೈತಿ," ಅಂದರು. ಮಜ್ಜಿಗೆ ಯಾವ ಬಾವಿಯ ನೀರಿನದೋ ಎಂದು ನಾನು ಅದನ್ನು ಮುಟ್ಟದೆ ಎದ್ದು ಬಂದೆ. ಹಾಗೆ ಬಂದದ್ದು ಅವರಿಗೆ ನೋವಾಯಿತೆಂದು ಮುಖದಲ್ಲೇ ಕಂಡಿತು.

ಕೆಮ್ಮು ಕೇಳಿಸಿದ್ದು ಅದಾದ ಮೇಲಿನ ರಾತ್ರಿ. ಸರಳು ಹಿಡಿದು ನಿಂತಲ್ಲೇ ನನಗೆ ಹೊಳೆಯಿತು. ಮಾತುಗಳು ಸತ್ತಿಲ್ಲ. ಕೌದಿಯಲ್ಲಿ ಸಿಕ್ಕಿಕೊಂಡು, ಹೊಲಿಗೆಯ ಸಂದಿಯಿಂದ ಹನಿಹನಿಯಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಜಿನುಗುತ್ತಿವೆ.

ನ್ಯಾಯಾಲಯ ನಮ್ಮೂರಿಗೆ ವರ್ಷಕ್ಕೆ ಕೆಲವು ಸಲ ಬರುತ್ತದೆ. ಬೇರೆ ಕಟ್ಟಡವಿಲ್ಲದ್ದರಿಂದ ಅದೂ ಚಾವಡಿಯಲ್ಲೇ ಕೂರುತ್ತದೆ. ಊರಿನ ವಕೀಲರೆಲ್ಲ ಪುರಸಭೆಯ ಕೆಲಸ ಹಿಡಿದವರೇ. ಯಾರೂ ನನ್ನ ಪರ ನಿಲ್ಲಲು ಒಪ್ಪಲಿಲ್ಲ. ನಾನೇ ದೂರು ಕೊಟ್ಟೆ. ಅದರಲ್ಲಿ ಕೇಳಿದ್ದು ಎರಡೇ: ನೀರಿನ ಪರೀಕ್ಷೆಯ ಫಲ ಊರಿಗೆ ತಿಳಿಯಬೇಕು, ಚಾವಡಿಯ ಗೋಡೆ ಬಿಚ್ಚಬೇಕು. ನನ್ನ ಜೊತೆ ಹೆಬ್ಬೆಟ್ಟು ಒತ್ತಿದವರು ದುರಗವ್ವ ಒಬ್ಬರೇ. "ಹೊಲಿದಾಕಿ ನಾ. ಯಾತಕ್ಕ ಹೊಲಿಸಿದ್ರು ಅಂತ ನನಗೂ ಗೊತ್ತಾಗಬೇಕಲ್ರಿ," ಅಂದರು.

ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ರೊಟ್ಟಿ ಬಡಿಯುತ್ತ, ಹಂಚಿಗೆ ಹೇಳುವ ಹಾಗೆ, "ನಮ್ಮ ಮನಿತನಕ್ಕ ಕೋರ್ಟಿನ ಸೊಸಿ ಅನ್ನೂದೊಂದು ಹೆಸರು ಕಡಿಮಿ ಇತ್ತು," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಆ ಬಿಳೀ ಸೀರಿ ಉಡಬ್ಯಾಡ, ಅಂಜಿದಂಗ ಕಾಣ್ತಿ. ನೀಲಿದು ಉಡು," ಅಂದರು.

ನ್ಯಾಯಾಧೀಶರು ಸಣ್ಣ ಮೈಕಟ್ಟಿನ, ನರೆತ ಕೂದಲಿನ ಹೆಂಗಸು. ಒಳಗೆ ಬಂದವರೇ ಸೆರಗಿನಿಂದ ಗಾಳಿ ಹಾಕಿಕೊಂಡರು. ಕೌದಿ ಹೊದ್ದ ಚಾವಡಿ ಒಲೆಯ ಹಾಗಿತ್ತು.

"ಏನಿದು?"

ಪುರಸಭೆಯ ವಕೀಲ ಹಣಮಂತರಾಯರು ಎದ್ದು, "ಗೋಡೆಗೆ ಶೀತ ಹಿಡಿದೈತ್ರಿ, ಮಾನ್ಯರೆ," ಅಂದರು.

"ಗೋಡೆಗೆ ಶೀತ, ನನಗೆ ಸೆಕೆ," ಎಂದು ಅವರು ಕೂತರು. ಹಿಂದೆ ಯಾರೋ ನಕ್ಕರು. ನಾನು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಹಣಮಂತರಾಯರು ಬಲ್ಲವರು. ಮೆಲ್ಲಗೆ ಶುರುಮಾಡಿದರು. "ಮಾನ್ಯರೆ, ಈ ಕಟ್ಟಡದ ಕಲ್ಲಿಗೆ ಒಂದು ಗುಣ ಐತಿ. ಕಲ್ಲಿನ ಗುಣ ಜನರ ಹಕ್ಕು ಹ್ಯಾಂಗ ಆಗ್ತೈತಿ? ಯಾರದೋ ಗಿಡದ ನೆರಳಿನಾಗ ನಾ ದಿನಾ ಕೂಡ್ತಿದ್ದೆ. ಮಾಲಕ ಗಿಡ ಕಡಿದ. ನಾ ಕೋರ್ಟಿಗೆ ಬರಾಕ ಆಗ್ತೈತೇನು?"

ನ್ಯಾಯಾಧೀಶರು ನನ್ನ ಕಡೆ ನೋಡಿದರು.

"ಗಿಡ ಮಾಲಕಂದ್ರಿ," ಅಂದೆ. "ಸಭಿ ಯಾರದು?"

"ಎಲ್ಲಾ ಹೊರಗ ಕೇಳಸ್ತೈತಿ ಅಂದ್ರ ಸದಸ್ಯರು ಮನಸ್ಸು ಬಿಚ್ಚಿ ಮಾತಾಡೂದು ಹ್ಯಾಂಗ?" ಅಂದರು ರಾಯರು.

"ಇಷ್ಟು ವರ್ಷ ಮಾತಾಡ್ಯಾರಲ್ರಿ. ನಿದ್ದೀನೂ ಮಾಡ್ಯಾರ."

ಈ ಸಲ ನಗು ಮುಂದಿನ ಸಾಲಿನಿಂದಲೂ ಬಂತು. ಆದರೆ ರಾಯರ ಮೂರನೆಯ ಮಾತು ನ್ಯಾಯಾಧೀಶರನ್ನು ತಟ್ಟಿತು. ಒಂದು ಬಾವಿ ಕೆಟ್ಟಿದೆ ಎಂದು ಸಾರಿದರೆ ಆ ಓಣಿಯವರೆಲ್ಲ ಇನ್ನೊಂದು ಬಾವಿಗೆ ನುಗ್ಗುತ್ತಾರೆ, ಹೊಡೆದಾಟವಾಗುತ್ತದೆ, ರಕ್ತ ಬೀಳುತ್ತದೆ. ಆ ಭಯವನ್ನು ಊರಿನ ತಲೆಗೆ ಕಟ್ಟಬೇಕೇ ಎಂದು ಕೇಳಿದರು. ನ್ಯಾಯಾಧೀಶರು ನನ್ನ ಕಡೆ ತಿರುಗಿ, "ಇದಕ್ಕೆ ನೀವೇನು ಹೇಳುತ್ತೀರಿ, ಇಂದುಮತಿ?" ಅಂದರು.

ನಾನು ಹಿಂದಿನ ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳು ಎಲ್ಲಿ ಹೋದವೋ. ನೀಲಾಳ ಹಳದಿ ಕಣ್ಣಷ್ಟೇ ಎದುರಿಗೆ ಬಂತು. "ಭಯ ಈಗಾಗಲೇ ಐತ್ರಿ," ಅಂದೆ. "ಮೂರೂ ಬಾವಿಗೆ ಅಂಜಿ ಕುಂತೀವಿ. ಯಾವುದು ಅಂತ ಗೊತ್ತಾದ್ರ ಒಂದಕ್ಕರ ಅಂಜೂದು ತಪ್ಪತೈತಿ."

ನ್ಯಾಯಾಧೀಶರು ಗುರುಪಾದಪ್ಪನವರನ್ನು ಕರೆದು ನಿಲ್ಲಿಸಿದರು. ಪರೀಕ್ಷೆ ಮಾಡಿದವನು ಗಡಿಯಾಚೆ ಯಾವುದೋ ಊರಿಗೆ ವರ್ಗವಾಗಿ ಹೋಗಿದ್ದ; ಅವನನ್ನು ಕರೆಸುವ ಹಾಗಿರಲಿಲ್ಲ.

"ಅವರು ಬಂದು ಏನು ಹೇಳಿದರು?"

"ನೆನಪಿಲ್ರಿ."

"ಬರೆದಿಟ್ಟಿದ್ದೀರಾ?"

"ಬರಿಯೂ ರೂಢಿ ಇಲ್ರಿ ನಮ್ಮಲ್ಲಿ."

"ಹಾಗಾದರೆ ಈ ಊರಿನ ನೆನಪು ಎಲ್ಲಿದೆ?"

ಆ ಪ್ರಶ್ನೆ ನನ್ನನ್ನು ಕೇಳಿದ್ದಲ್ಲ. ಆದರೂ ಎದ್ದು ನಿಂತೆ. "ಕೌದಿಯೊಳಗೈತ್ರಿ," ಅಂದೆ. ಕೆಮ್ಮಿನ ವಿಷಯ ಹೇಳಿದೆ. ಹಣಮಂತರಾಯರು ಕೈ ಚೆಲ್ಲಿದರು. "ಮಾನ್ಯರೆ, ಒಂದು ಕೆಮ್ಮನ್ನ ಸಾಕ್ಷಿ ಅಂತ ತಗೋಬೇಕೇನ್ರಿ?"

"ಕೆಮ್ಮನ್ನು ತೆಗೆದುಕೊಳ್ಳುವುದಿಲ್ಲ. ಕೌದಿಯನ್ನು ತೆಗೆದುಕೊಳ್ಳುತ್ತೇನೆ," ಅಂದರು ನ್ಯಾಯಾಧೀಶರು. "ಹೇಗೂ ಇಲ್ಲಿ ಉಸಿರಾಡಲು ಆಗುತ್ತಿಲ್ಲ. ಬಿಚ್ಚಿ, ಹೊರಗೆ ಹಾಕಿ, ಝಾಡಿಸಿ."

ಅಂಗಳದಲ್ಲಿ ಹಗ್ಗ ಕಟ್ಟಿದರು. ಪುರಸಭೆಯ ಆಳುಗಳು ಕೋಲು ಹಿಡಿದು ಬಂದರು. ದುರಗವ್ವ ಅವರ ಕೈಯಿಂದ ಕೋಲು ತೆಗೆದುಕೊಂಡರು. "ಎಲ್ಲಿ ಹೊಡದ್ರ ಹೊಲಿಗಿ ಹರಿಯಂಗಿಲ್ಲ ಅನ್ನೂದು ನಿಮಗೇನು ಗೊತ್ತು? ಸರೀರಿ." ಊರು ಊರೇ ಸೇರಿತ್ತು. ಅಂದು ಯಾರಿಗೂ ಮೆಟ್ಟಿಲಿನ ನೆನಪಿರಲಿಲ್ಲ, ಸಿಕ್ಕಲ್ಲಿ ನಿಂತಿದ್ದರು.

ಮೊದಲ ಏಟಿಗೆ ಧೂಳು ಬಂತು. ಎರಡನೆಯದಕ್ಕೆ, "ಚಹಾ ಆರಿ ಹೋತಲ್ಲೋ," ಎಂದಿತು ಕೌದಿ. ಜನ ಹೋ ಎಂದರು. ಮುಂದಿನ ಏಟಿಗೆ, "ಮುಂದಿನ ವಿಷಯ." ಮತ್ತೊಂದಕ್ಕೆ ಒಂದು ಉದ್ದನೆಯ ಆಕಳಿಕೆ. ಆ ಕೌದಿ ಮುಗಿಯಿತು. ಎರಡನೆಯದನ್ನು ಹಾಕಿದರು. ನಾನು ಹೇಳಿದ್ದೆಲ್ಲ ಬರೀ ಗೊರಕೆಯಲ್ಲಿ ಮುಗಿದರೆ ಏನು ಮಾಡಲಿ ಎಂದು ನೀಲಾಳ ಭುಜ ಹಿಡಿದುಕೊಂಡೆ. ಅವಳು "ಅವ್ವಾ, ನೋಯ್ತೈತಿ," ಅಂದಳು.

ಆಗ ಅಪರಿಚಿತ ದನಿಯೊಂದು ಬಂತು, ಓದುವ ದನಿ. "ಮೇಲಿನ ಓಣಿಯ ಬಾವಿ." ಏಟು. "ಕುಡಿಯಲು ಯೋಗ್ಯವಲ್ಲ." ಏಟು. "ಚಾವಡಿ ಹಿಂದಿನ ಬಾವಿ." ಏಟು. "ಕುಡಿಯಲು ಯೋಗ್ಯವಲ್ಲ." ಏಟು. "ಕೆಳಗಿನ ಕೇರಿಯ ಬಾವಿ ಸ್ವಚ್ಛವಾಗಿದೆ. ಸದ್ಯಕ್ಕೆ ಊರೆಲ್ಲ ಅಲ್ಲಿಂದಲೇ." ಅಲ್ಲಿಗೆ ಆ ದನಿ ತುಂಡಾಯಿತು. ಮುಂದಿನ ಏಟಿಗೆ ಗುರುಪಾದಪ್ಪನವರ ದನಿ, ಈಗ ಅಲ್ಲೇ ನಿಂತು ಆಡಿದಷ್ಟು ಸ್ಪಷ್ಟ: "ಆ ಕೇರಿಗೆ ಕೊಡ ಹಿಡಕೊಂಡು ನಾವು ಹೋಗೂದೇನು? ಅವರನ್ನ ನೀರು ಬೇಡೂದೇನು? ಸುಮ್ನಿರ್ರಿ ಎಲ್ಲಾರೂ. ಇದು ಇಲ್ಲೇ ಇರಲಿ."

ಕೂಸು ಕಳೆದುಕೊಂಡ ಮೇಲಿನ ಓಣಿಯ ಹೆಂಗಸು ಅಲ್ಲೇ ನಿಂತಿದ್ದಳು. ಅವಳು ಅಳಲಿಲ್ಲ. ಗುರುಪಾದಪ್ಪನವರನ್ನು ನೋಡಿದಳು, ಅಷ್ಟೇ. ಅವರು ತಲೆ ತಗ್ಗಿಸಿದರು. ನಾನು ದುರಗವ್ವನ ಮುಖ ನೋಡಲು ಹೆದರಿ, ಕೋಲು ಹಿಡಿದ ಕೈಯನ್ನು ನೋಡುತ್ತಿದ್ದೆ. ಕೋಲು ಕೆಳಗಿಳಿಯಿತು. ಕೌದಿಯ ಒಂದು ಮೂಲೆ ಹೊಲಿಗೆ ಬಿಟ್ಟಿತ್ತು. ಅದನ್ನು ಬೆರಳಿನಿಂದ ಒಳಕ್ಕೆ ಮಡಚಿ, "ಇನ್ನೊಂದು ಹಾಕ್ರಿ," ಅಂದರು ದುರಗವ್ವ.

ತೀರ್ಪು ಮರುದಿನ ಬಂತು. ಸಭೆಯಲ್ಲಿ ಆಡಿದ ಮಾತು ಸಭೆಯವರದಲ್ಲ, ಊರಿನದು. ಅದನ್ನು ಕೇಳಲು ಬರುವವರು ಯಾಕೆ ಬಂದೆವೆಂದು ಕಾರಣ ಹೇಳಬೇಕಾಗಿಲ್ಲ. ಮುಚ್ಚಿಡಬೇಕೆನ್ನುವವರೇ ಕಾರಣ ಹೇಳಬೇಕು, ಅದೂ ನ್ಯಾಯಾಲಯದ ಮುಂದೆ. ಚಾವಡಿಯ ಗೋಡೆಗೆ ಇನ್ನು ಮುಂದೆ ಸುಣ್ಣ ಬಿಟ್ಟು ಬೇರೇನೂ ತಾಗಬಾರದು. ಇದರ ಜೊತೆಗೆ, ನಡಾವಳಿಯನ್ನು ಬರೆದೂ ಇಡಬೇಕು ಎಂದರು. ಬರಿಗೋಡೆಯ ಚಾವಡಿಯಲ್ಲಿ ಆ ದನಿ ತಣ್ಣಗೆ ಕೇಳಿಸುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ತೀರ್ಪು ಮರಳಿ ಬಂತು. ಹಗಲು ಕೆಲಸಕ್ಕೆ ಹೋಗಿ ಕೇಳಲಾಗದಿದ್ದವರು ಕೇಳಿದರು. ಕೇಳಿದವರು ಇನ್ನೊಮ್ಮೆ ಕೇಳಿದರು. ನ್ಯಾಯಾಧೀಶರು ಊರು ಬಿಡುವ ಮುನ್ನ ಮೆಟ್ಟಿಲ ಮೇಲೆ ನಮ್ಮ ನಡುವೆ ಕೂತು ತಮ್ಮ ದನಿಯನ್ನು ತಾವೇ ಕೇಳಿ, "ನಾನು ಇಷ್ಟು ಮೂಗಿನಿಂದ ಮಾತಾಡುತ್ತೇನೆಯೇ?" ಎಂದು ಕೇಳಿದರು. ಅತ್ತೆ, "ಹೌದ್ರಿ," ಅಂದರು.

ಕೌದಿಗಳನ್ನು ಊರಿಗೆ ಹಂಚಿದರು. ನಮಗೂ ಒಂದು ಬಂತು. ಎಷ್ಟು ಝಾಡಿಸಿದ್ದರೂ ಅದರಲ್ಲಿ ಚೂರುಪಾರು ಉಳಿದಿತ್ತು; ಅತ್ತೆ ಮಗ್ಗುಲು ಬದಲಿಸಿದಾಗಲೆಲ್ಲ ಅದು "ಮುಂದಿನ ವಿಷಯ" ಅನ್ನುತ್ತಿತ್ತು. ಅವರು "ಸುಮ್ನ ಮಲಗೋ" ಎಂದು ಅದಕ್ಕೊಂದು ಏಟು ಕೊಟ್ಟು ನಿದ್ದೆ ಹೋಗುತ್ತಿದ್ದರು.

ತೀರ್ಪು ಬಂದ ಮೇಲಿನ ದಿನಗಳು ಸುಲಭದವಾಗಿರಲಿಲ್ಲ. ಎರಡು ಬಾವಿಗಳ ಬಾಯಿಗೆ ಹಲಗೆ ಬಿತ್ತು. ಮೇಲಿನ ಓಣಿಯವರು ಆಳುಗಳ ಕೈಯಲ್ಲಿ ಕೊಡ ಕೊಟ್ಟು ಕೆಳಗಿನ ಕೇರಿಗೆ ಕಳಿಸಿದರು. ಕೊಡಗಳು ಖಾಲಿಯಾಗಿಯೇ ತಿರುಗಿ ಬಂದವು. ನೀರು ಯಾರಿಗೂ ಇಲ್ಲ ಎನ್ನುವುದಿಲ್ಲ, ಆದರೆ ಕುಡಿಯುವವರು ತಾವೇ ಬರಬೇಕು, ತಾವೇ ಸೇದಿಕೊಳ್ಳಬೇಕು ಎಂದು ಕೇರಿಯವರು ಹೇಳಿ ಕಳಿಸಿದ್ದರು. ಹೊಡೆದಾಟವಾಗಲಿಲ್ಲ. ಬಾಯಾರಿಕೆಯಾಯಿತು.

ನಾನು ಮೊದಲ ದಿನವೇ ಹೋದೆ. ಇಷ್ಟು ವರ್ಷ ಆ ಕೇರಿಯ ಮಕ್ಕಳಿಗೆ ಅಕ್ಷರ ಕಲಿಸಿದ್ದೆ. ಕೇರಿಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಬಾವಿ ಎಲ್ಲಿದೆ ಎಂದು ನನ್ನ ವಿದ್ಯಾರ್ಥಿನಿಯನ್ನೇ ಕೇಳಬೇಕಾಯಿತು. ದುರಗವ್ವ ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ ಅಕ್ಕೋರ. ತಡಾ ಮಾಡಿದ್ರಿ," ಅಂದರು. ಅದು ಎಷ್ಟು ತಡದ ಮಾತೋ ನಾನು ಕೇಳಲಿಲ್ಲ. ಹಗ್ಗ ಕೊಟ್ಟರು. ಸೇದಿದೆ. ಆ ನೀರು ಸಿಹಿಯಾಗಿತ್ತು; ಕುದಿಸದೆ ಕುಡಿಯಲು ನನಗೆ ಇನ್ನೂ ಒಂದು ವಾರ ಬೇಕಾಯಿತು.

ಅತ್ತೆ ಹಟ ಹಿಡಿದರು. "ನಾ ಒಣಗಿ ಸಾಯ್ತೀನಿ, ಅಲ್ಲಿಗೆ ಹೋಗಂಗಿಲ್ಲ." ನಾನು ತಂದ ನೀರನ್ನು ಕುಡಿಯಬಹುದಿತ್ತು, ಆದರೆ ಕುಡಿಯುವವರೇ ಬರಬೇಕೆಂಬ ಮಾತನ್ನು ನಾನು ಮನೆಯಲ್ಲೂ ಪಾಲಿಸಿದೆ. ಒಂದು ಮಧ್ಯಾಹ್ನ ಅವರು ತಂಬಿಗೆ ಹಿಡಿದು, "ಆ ದುರಗವ್ವ ಕೌದಿಗಿ ಯಾವ ದಾರ ಹಾಕ್ಯಾಳ ಅಂತ ಕೇಳಿ ಬರ್ತೀನಿ," ಎಂದು ಹೊರಟರು. ಬಂದಾಗ ತಂಬಿಗೆ ತುಂಬಿತ್ತು. ದಾರದ ವಿಷಯ ನಾನೂ ಕೇಳಲಿಲ್ಲ. ಹೀಗೆ ಒಬ್ಬೊಬ್ಬರೇ ಒಂದೊಂದು ನೆಪ ಹಿಡಿದು ಬಂದರು. ಗುರುಪಾದಪ್ಪನವರು ಮಾತ್ರ ಬರಲಿಲ್ಲ. ಹಳೆಯ ಬಾವಿಯ ನೀರನ್ನೇ ಹಲಗೆ ಸರಿಸಿ ಸೇದಿ, ಕುದಿಸಿ ಕುಡಿಯುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅಧ್ಯಕ್ಷಗಿರಿಗೆ ಅವರು ರಾಜೀನಾಮೆ ಕೊಟ್ಟಾಗಿತ್ತು.

ನಾನು ದಿನಾ ಸಂಜೆ ಮೆಟ್ಟಿಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ, ಸಭೆ ಇಲ್ಲದ ದಿನವೂ. ಯಾರಾದರೂ ಮತ್ತೆ ಗೋಡೆಗೆ ಏನಾದರೂ ಹೊದಿಸಿಯಾರು ಎಂಬ ಅನುಮಾನ. ಒಂದು ಸಂಜೆ ಊರೆಲ್ಲ ಕೆಳಗಿನ ಕೇರಿಯಲ್ಲಿ ನೀರಿಗೆ ಸರದಿ ನಿಂತಿತ್ತು. ಮೆಟ್ಟಿಲ ಮೇಲೆ ನಾನೊಬ್ಬಳೇ. ಮೌನ ಇದೆಯೆಂದು ಖಾತ್ರಿ ಮಾಡಿಕೊಂಡು ಏಳಬೇಕೆನ್ನುವಷ್ಟರಲ್ಲಿ, ಕಲ್ಲಿನ ಮೇಲೆ ಖಾಲಿ ಕೊಡ ಇಟ್ಟ ಸದ್ದು ಬಂತು. ಆಮೇಲೆ ಗುರುಪಾದಪ್ಪನವರ ದನಿ.

"ಏ ದುರಗೀ, ನೀರು ಹಾಕು."

ಸ್ವಲ್ಪ ಹೊತ್ತು ಏನೂ ಇಲ್ಲ. "ಅಲ್ಲ," ಅಂದಿತು ದನಿ. ಕೊಡವನ್ನು ಎತ್ತಿ ಮತ್ತೆ ಇಟ್ಟ ಸದ್ದು. "ದುರಗವ್ವ, ಒಂದು ಕೊಡ ನೀರು ಹಾಕು. ಹಾಕವಾ." ಒಂದು ಕೆಮ್ಮು. "ಹಾಕ್ರಿ ಅನ್ನಬೇಕು. ಎಲ್ಲಾರಿಗೂ ಅಂತೀನಿ. ಬಸ್ಸಿನ ಕಂಡಕ್ಟರಗೂ ಅಂತೀನಿ. ಇದ್ಯಾಕ ಬರವಲ್ದು?" ಯಾರನ್ನು ಕೇಳುತ್ತಿದ್ದರೋ. ಕೊಡವನ್ನೇ ಇರಬೇಕು.

ಹಗಲು ಯಾರೂ ಇಲ್ಲದ ಹೊತ್ತಿನಲ್ಲಿ, ಹಳೆಯ ಬೀಗದ ಕೈಯಿಂದ ಚಾವಡಿ ತೆರೆದು ಅವರು ಒಳಗೆ ನಿಂತಿದ್ದರು. ಮನೆಯಲ್ಲಿ ಮಾಡಬಹುದಿತ್ತು. ಮನೆಯಲ್ಲಿ ಹೆಂಡತಿ, ಸೊಸೆಯಂದಿರು ಇದ್ದರು. ಇಷ್ಟು ವರ್ಷ ಊರಿನ ಮುಂದೆ ಮಾತಾಡಿದ ಜಾಗದಲ್ಲಿ ನಿಂತರೆ ನಾಲಿಗೆ ತಿರುಗೀತು ಅಂದುಕೊಂಡರೋ ಏನೋ. ಸಂಜೆಯ ಸರದಿಗೆ ಊರೆಲ್ಲ ಹೋಗಿರುತ್ತದೆ, ಕೇಳುವವರಿಲ್ಲ ಎಂದು ಲೆಕ್ಕ ಹಾಕಿರಬೇಕು.

"ದುರಗವ್ವಾರ," ಅಂದರು. ನಿಲ್ಲಿಸಿದರು. ಮತ್ತೆ, "ದುರಗವ್ವಾರ, ಒಂದು ಕೊಡ ನೀರು ಕೊಡ್ರಿ." ಅದನ್ನೇ ಜೋರಾಗಿ, ಅದನ್ನೇ ಮೆಲ್ಲಗೆ, ಅದನ್ನೇ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವ ಹಾಗೆ. ಸರಿಯಾಗಿ ಬಂದ ಮೇಲೂ ಅವರು ಹೋಗಲಿಲ್ಲ. "ಅವತ್ತು ನಾ ಅಂದದ್ದು..." ಎಂದು ಶುರುಮಾಡಿದರು. ಮುಂದಿನದು ಬರಲಿಲ್ಲ. "ಅವತ್ತು ನಾನು, ದುರಗವ್ವಾರ, ಅಂದದ್ದು..." ಬಹಳ ಹೊತ್ತಿನ ಮೇಲೆ ಕೊಡ ಎತ್ತಿದ ಸದ್ದು, ಚಿಲಕದ ಸದ್ದು. ಕತ್ತಲಾಗಿತ್ತು. ನಾನು ಕೂತಲ್ಲೇ ಇದ್ದೆ.

ಮರುದಿನ ಬೆಳಿಗ್ಗೆ ಬಾವಿಯ ಸರದಿಯಲ್ಲಿ ಅವರು ಬಂದು ನಿಂತರು. ಅವರ ಮುಂದಿದ್ದವರು ಸರಿದು ಜಾಗ ಕೊಡಲು ಹೋದರು; ಅವರು ಬೇಡವೆಂದು ತಲೆಯಾಡಿಸಿ ಹಿಂದೆಯೇ ನಿಂತರು. ಅವರ ಬೆನ್ನಿಗೇ ಬಂದ ನಾನು ಅವರ ಹಿಂದೆ ನಿಂತಿದ್ದೆ. ಅವರ ಕುತ್ತಿಗೆಯ ಬೆವರು ನನಗೆ ಕಾಣುತ್ತಿತ್ತು. ಎಲ್ಲಿ ತೊದಲುತ್ತಾರೋ ಎಂದು ನನ್ನ ತುಟಿಯೇ ಆ ಮಾತುಗಳನ್ನು ಒಳಗೊಳಗೆ ಅನ್ನುತ್ತಿತ್ತು.

ಅವರ ಸರದಿ ಬಂತು. "ದುರಗವ್ವಾರ, ಒಂದು ಕೊಡ ನೀರು ಕೊಡ್ರಿ," ಅಂದರು. ದಿನಾ ಅನ್ನುವವರ ಹಾಗೆ ಬಂತು.

ದುರಗವ್ವ ಅವರನ್ನು ಸಾವಕಾಶವಾಗಿ ನೋಡಿದರು. "ನಾ ಯಾರಿಗೂ ಕೊಡಂಗಿಲ್ರಿ," ಅಂದರು. ಅವರು ಹಗ್ಗದ ತುದಿಯನ್ನು ಗುರುಪಾದಪ್ಪನವರ ಮುಂದೆ ಹಿಡಿದರು. "ಇಲ್ಲಿ ಎಲ್ಲಾರೂ ತಾವ ಸೇದತಾರ. ಹಿಡೀರಿ. ಗಟ್ಟಿ ಹಿಡೀರಿ, ನಿಮ್ಮ ಕೈ ಮೆತ್ತಗ ಅದಾವು."

ಯಾರೋ ನಕ್ಕರು. ಗುರುಪಾದಪ್ಪನವರೂ ನಕ್ಕರು, ಸ್ವಲ್ಪ. ಎರಡು ಸಲ ಜಾರಿ, ಮೂರನೆಯ ಸಲಕ್ಕೆ ಕೊಡ ಮೇಲೆ ಬಂತು. ಹೊರಡುವಾಗ ಒಂದು ಕ್ಷಣ ನಿಂತು ದುರಗವ್ವನ ಕಡೆ ತಿರುಗಿದರು, ತುಟಿ ತೆರೆಯಿತು. ಏನೂ ಹೇಳದೆ ಹೋದರು. ದುರಗವ್ವ, "ನಾಳಿ ಬರ್ರಿ," ಎಂದು ಹಿಂದಿನಿಂದ ಕೂಗಿದರು.

ಅತ್ತೆ ನನ್ನ ಜೊತೆ ತಿರುಗಿ ಬರುತ್ತಿದ್ದರು. ಕೇರಿ ದಾಟುವವರೆಗೆ ತಡೆದುಕೊಂಡಿದ್ದು ಅವರಿಗೆ ಹೆಚ್ಚಾಗಿತ್ತು. "ಇಂದೂ, ಅಂವಾ ಎಷ್ಟು ಸಲೀಸ ಅಂದ ನೋಡಿದೇನು? ದುರಗವ್ವಾರ ಅಂತ. ಇದು ಒಂದ ದಿನದಾಗ ಬರೂ ಮಾತಲ್ಲ. ನೀ ದಿನಾ ಮೆಟ್ಟಲಾ ಕಾಯ್ತಿ, ಚಾವಡ್ಯಾಗ ಏನರ ಕೇಳಿಸಿತೇನು ನಿನ್ನೆ?"

"ನಿನ್ನೆ ಸಭಿ ಇರಲಿಲ್ರಿ," ಅಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ನಿನಗ ಏನೂ ಕೇಳಸಂಗಿಲ್ಲ ಬಿಡು, ಬರೀ ಕೋರ್ಟು," ಎಂದು ಮುಂದೆ ಹೋದರು. ಕೊಡ ತುಳುಕಿ ನನ್ನ ಸೀರೆ ಸೊಂಟದಿಂದ ಕೆಳಗೆ ಒದ್ದೆಯಾಗುತ್ತಿತ್ತು. ಸಭೆಯಲ್ಲಿ ಆಡಿದ ಮಾತಾಗಿದ್ದರೆ ಓಣಿ ಓಣಿ ತಿರುಗಿ ಹೇಳುತ್ತಿದ್ದವಳು ನಾನೇ. ನಮ್ಮೂರಲ್ಲಿ ಯಾರಿಗೂ, ಅತ್ತೆಗೂ, ನೀಲಾಳಿಗೂ, ಎಲ್ಲರಿಗಿಂತ ಹೆಚ್ಚಾಗಿ ದುರಗವ್ವನಿಗೂ, ಇದನ್ನು ಹೇಳಬಾರದು ಎಂದು ಆ ದಾರಿಯಲ್ಲೇ ನಿಶ್ಚಯಿಸಿದೆ. ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಅತ್ತೆಯ ಹಿಂದೆ ನಡೆದೆ.